ಎಂಟು ಪಾಠ, ಇಬ್ಬರು ಮಾರಿಯಾ

ಜುಲೈ ತಿಂಗಳ ಒಂದು ಮಂಗಳವಾರ, ಹೊರಗೆ ಬಿಸಿಲು ನೂರ ಆರು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಹೊತ್ತಿನಲ್ಲಿ, ವಿಲೋ ಬೆಂಡ್ ಊರಿನ ಕ್ರೌಸ್ ರಿಯಲ್ ಎಸ್ಟೇಟ್ ಕಚೇರಿಯಲ್ಲಿ ಲೂರ್ದೆಸ್ ತೋಸ್ತೆ ಒಂದು ಲಕೋಟೆ ಒಡೆದಳು. ಕೌಂಟಿ ಕಾಲೇಜಿನಿಂದ ತರಿಸಿದ ಅಂಕಪಟ್ಟಿ. ಅದರಲ್ಲಿ ಆರು ಪಾಠಗಳಿರಬೇಕಿತ್ತು. ಇದ್ದದ್ದು ಮೂರು.

ಹಾಳೆ ತಿರುವಿ ಹಿಂಬದಿ ನೋಡಿದಳು. ಲಕೋಟೆಯೊಳಗೆ ಬೆರಳು ಹಾಕಿ ತಡಕಿದಳು. ಕೊನೆಗೆ ಅದನ್ನು ತಲೆಕೆಳಗು ಮಾಡಿ ಕೊಡವಿದಳು.

"ಏನಾಯ್ತು? ಯಾರಾದ್ರೂ ಹೋದ್ರಾ?" ಎದುರು ಮೇಜಿನಿಂದ ಡೆಲ್ಮರ್ ಕ್ರೌಸ್ ಕೇಳಿದರು. ಬೋರ್ಡಿನ ಮೇಲಿರುವ ಕ್ರೌಸ್ ಅವರೇ. ವಯಸ್ಸು ಎಪ್ಪತ್ತೆಂಟು.

"ಮೂರು ಹೋದ್ವು. ಸಾಲದ ಪಾಠ, ಬೆಲೆ ಕಟ್ಟೋ ಪಾಠ, ಮಾರಾಟದ ದುಡ್ಡು ಮಧ್ಯಸ್ಥರ ಹತ್ರ ಇಡೋ ಎಸ್ಕ್ರೊ ಪಾಠ."

"ಸರಿಯಾಗಿ ಹುಡುಕಿದ್ಯಾ?"

"ಪಾಠ ಏನು ಬೆಕ್ಕಾ ಡೆಲ್ಮರ್, ಮಂಚದ ಕೆಳಗೆ ಹುಡುಕೋಕೆ?"

ಕ್ಯಾಲಿಫೋರ್ನಿಯಾದಲ್ಲಿ ಮನೆ ಮಾರುವವರಲ್ಲಿ ಎರಡು ಜಾತಿ. ಒಂದು ಬ್ರೋಕರ್, ಇನ್ನೊಂದು ಬ್ರೋಕರಿಗೆ ಜೋತುಬಿದ್ದವರು. ಲೂರ್ದೆಸ್ ಇಪ್ಪತ್ತಾರು ವರ್ಷದಿಂದ ಜೋತುಬಿದ್ದವಳು. ಊರಿನ ಅರ್ಧ ಮನೆಗಳನ್ನು ಮಾರಿದವಳು ಅವಳೇ. ಯಾವ ಮನೆಯ ಸೂರು ಸೋರುತ್ತದೆ, ಯಾವ ಮನೆಯ ಸೊಸೆ ಸೋತಿದ್ದಾಳೆ, ಎರಡೂ ಅವಳಿಗೆ ಗೊತ್ತು. ಆದರೆ ಕಾನೂನಿನ ಕಣ್ಣಿನಲ್ಲಿ ಅವಳ ಲೈಸೆನ್ಸು ಡೆಲ್ಮರ್ ಅವರ ಲೈಸೆನ್ಸಿನ ಬಾಲ. ಆ ಲೈಸೆನ್ಸು ಡಿಸೆಂಬರ್ ಹದಿನೈದಕ್ಕೆ ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ ಡೆಲ್ಮರ್ ನಲವತ್ತೈದು ಗಂಟೆ ಮರುಪಾಠ ಕೇಳಬೇಕು. "ನನಗೆ ಉಳಿದಿರೋದೇ ಅಷ್ಟು ಗಂಟೆ ಇರಬಹುದು, ಅದನ್ನ ಅವರಿಗೆ ಕೊಡಲ್ಲ," ಎಂದು ಅವರು ಶಪಥ ಮಾಡಿದ್ದರು. ಲೂರ್ದೆಸ್ ಅಷ್ಟರೊಳಗೆ ಬ್ರೋಕರ್ ಆದರೆ ಕಚೇರಿ ಅವಳದು. ಆಗದಿದ್ದರೆ, ಊರೂರಿಗೂ ಹಳದಿ ಬೋರ್ಡು ನೆಡುತ್ತಿದ್ದ ಪಟ್ಟಣದ ಕಂಪನಿಯದು.

ಬ್ರೋಕರ್ ಪರೀಕ್ಷೆಗೆ ಕೂರಬೇಕಾದರೆ ಕಾಲೇಜು ಮಟ್ಟದ ಎಂಟು ಪಾಠ ಮುಗಿಸಿರಬೇಕು. ಅವಳೂ ನಾಲ್ಕು ವರ್ಷಕ್ಕೊಮ್ಮೆ ನಲವತ್ತೈದು ಗಂಟೆಯಂತೆ ಆರು ಸಲ ಮರುಪಾಠ ಕೇಳಿದವಳೇ. ಅದು ಲೆಕ್ಕಕ್ಕೆ ಬರುತ್ತದೆಯೇ ಎಂದು ಲೈಸೆನ್ಸು ಕೊಡುವ ಇಲಾಖೆಗೆ ಫೋನು ಮಾಡಿದ್ದಳು. ನಲವತ್ತು ನಿಮಿಷ ಕಾಯಿಸಿ ಪಿಟೀಲು ಕೇಳಿಸಿದ ಮೇಲೆ ಒಬ್ಬಾತ ಸಿಕ್ಕಿ, ಬರುವುದಿಲ್ಲ ಎಂದ. ಅದು ಇರುವ ಲೈಸೆನ್ಸು ಉಳಿಸಿಕೊಳ್ಳುವ ಓದು; ಇದು ಇಲ್ಲದ ಲೈಸೆನ್ಸು ಗಳಿಸುವ ಓದು. ಇನ್ನೂರ ಎಪ್ಪತ್ತು ಗಂಟೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಪುಣ್ಯಕ್ಕೆ ತೊಂಬತ್ತರ ದಶಕದಲ್ಲಿ ಕೌಂಟಿ ಕಾಲೇಜಿನ ಸಂಜೆ ತರಗತಿಗಳಲ್ಲಿ ಆರು ಪಾಠ ಓದಿದ್ದಳು. ಬೆಳಗಿನ ಜಾವ ಅಪ್ಪನ ಜೊತೆ ಇನ್ನೂರು ಹಸುಗಳ ಹಾಲು ಹಿಂಡಿ, ಹಗಲು ಕಚೇರಿಯಲ್ಲಿ ಟೈಪು ಮಾಡಿ, ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕಲಿತ ಆರು ಪಾಠ. ಉಳಿದ ಎರಡನ್ನು ಈ ವಸಂತದಲ್ಲಿ ಕಂಪ್ಯೂಟರಿನಲ್ಲಿ ಮುಗಿಸಿದ್ದಳು. ಅದೊಂದು ಬೇರೆಯೇ ಶಿಕ್ಷೆ. ನೀವೆಷ್ಟೇ ಚುರುಕಿರಲಿ, ಹದಿನೆಂಟು ದಿನ ಕಳೆಯುವ ತನಕ ಒಂದು ಪಾಠದ ಪರೀಕ್ಷೆಯ ಬಾಗಿಲು ತೆರೆಯುವುದಿಲ್ಲ. ನಡುನಡುವೆ ಪರದೆಯ ಮೇಲೆ ‘ನೀವು ಇನ್ನೂ ಇದ್ದೀರಾ?’ ಎಂಬ ಪ್ರಶ್ನೆ ಮೂಡುತ್ತದೆ. ಗುಂಡಿ ಒತ್ತದಿದ್ದರೆ ನೀವು ಇಲ್ಲ ಎಂದರ್ಥ. ಐವತ್ತೇಳನೆಯ ವಯಸ್ಸಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಸಾಬೀತು ಮಾಡುತ್ತ ಲೂರ್ದೆಸ್ ಎರಡೂ ಪಾಠ ಮುಗಿಸಿದ್ದಳು. ಆರೂ ಎರಡೂ ಎಂಟು ಎಂದು ಬೆರಳೆಣಿಸಿಕೊಂಡು ಕೂತಿದ್ದವಳ ಕೈಗೆ ಈಗ ಬಂದದ್ದು ಮೂರೂ ಎರಡೂ ಐದು.

ಮರುದಿನ ಬೆಳಿಗ್ಗೆ ಕಾಲೇಜಿನ ದಾಖಲೆ ಕಿಟಕಿಯ ಮುಂದೆ ನಿಂತಳು. ಒಳಗಿದ್ದವಳು ಮಿಸ್ ಶ್ಯೋಂಗ್; ಇಪ್ಪತ್ತೈದರ ಹುಡುಗಿ, ಬಹಳ ವಿನಯ. ಆ ವಿನಯದಿಂದಾಗಿ ಬೈಯುವ ಅವಕಾಶವೂ ತಪ್ಪಿಹೋಯಿತು.

"ಮೇಡಂ, ಆಗ ನಿಮ್ಮ ಹೆಸರು ಏನಂತ ಬರೆಸಿದ್ರಿ?"

"ಮಾರಿಯಾ ಆವಿಲಾ. ಮದುವೆಗೆ ಮುಂಚೆ."

ಹುಡುಗಿ ಟಕಟಕ ಒತ್ತಿದಳು. ಹುಬ್ಬು ಮೇಲೇರಿತು. "ಅದೇ ವಿಳಾಸದಲ್ಲಿ ಇಬ್ಬರು ಮಾರಿಯಾ ಆವಿಲಾ ಇದ್ದಾರಲ್ಲ?"

"ಇರ್ತಾರೆ. ಒಬ್ಬಳು ನಾನು, ಒಬ್ಬಳು ನಮ್ಮಕ್ಕ."

"ಒಂದೇ ಮನೇಲಿ ಇಬ್ಬರಿಗೂ ಅದೇ ಹೆಸರಾ?"

"ಇಬ್ಬರಿಗಲ್ಲಮ್ಮ, ನಾಲ್ವರಿಗೆ. ಇನ್ನಿಬ್ಬರು ಕಾಲೇಜಿಗೆ ಬರ್ಲಿಲ್ಲ, ನಿಮ್ಮ ಅದೃಷ್ಟ."

ಪೋರ್ಚುಗೀಸರ ಆಜೋರ್ಸ್ ದ್ವೀಪಗಳಿಂದ ಹಾಲಿನ ಕಸುಬಿಗೆಂದು ಈ ಬಯಲಿಗೆ ಬಂದವರ ಮನೆಗಳಲ್ಲಿ ಹೆಣ್ಣುಮಗುವಿಗೆ ಮೊದಲು ದೇವಮಾತೆ ಮಾರಿಯಾಳ ಹೆಸರು, ಆಮೇಲೆ ಆ ಮಾತೆಯ ಯಾವ ರೂಪಕ್ಕೆ ಹರಕೆಯೋ ಆ ಹೆಸರು. ಮಾರಿಯಾ ದ ಲೂರ್ದೆಸ್, ಮಾರಿಯಾ ದ ಕೊನ್ಸೆಯ್ಸಾಂವ್. ಮನೆಯಲ್ಲಿ ಯಾರೂ ಮಾರಿಯಾ ಎಂದು ಕೂಗುವುದಿಲ್ಲ. ಕೂಗಿದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಓಗೊಡುತ್ತಾರೆ. ತಂಗಿ ಲೂರ್ದೆಸ್, ಅಕ್ಕ ಸಾಂವ್. ಆದರೆ ಅರ್ಜಿ ತುಂಬುವಾಗ ಅಪ್ಪ, "ಅಮೆರಿಕದವರಿಗೆ ಒಂದು ಹೆಸರು ಸಾಕು, ಜಾಸ್ತಿ ಕೊಟ್ರೆ ಗಾಬರಿ ಆಗ್ತಾರೆ," ಎಂದಿದ್ದ. ಇಬ್ಬರೂ ವಿಧೇಯ ಮಕ್ಕಳು. ಇಬ್ಬರೂ ಮಾರಿಯಾ ಆವಿಲಾ ಎಂದೇ ಬರೆದರು.

ದಾಖಲೆಗಳನ್ನು ಕಾರ್ಡುಗಳಿಂದ ಕಂಪ್ಯೂಟರಿಗೆ ಏರಿಸಿದ ವರ್ಷ ಯಾರೋ ಒಬ್ಬ ಗುಮಾಸ್ತ ಅರ್ಧ ಹಾದಿಯಲ್ಲಿ ಕೈ ತಪ್ಪಿದ್ದ. ಲೂರ್ದೆಸಳ ಮೊದಲ ಮೂರು ಪಾಠ ಅವಳ ಹೆಸರಿನಲ್ಲೇ ಉಳಿದವು. ಆಮೇಲಿನ ಮೂರು ಅಕ್ಕನ ಖಾತೆಗೆ ಹೋಗಿ ಕೂತಿದ್ದವು.

"ಹಾಗಾದ್ರೆ ತೆಗೆದು ಈ ಕಡೆ ಹಾಕಮ್ಮ, ಅಷ್ಟೇ ತಾನೇ?"

ಮಿಸ್ ಶ್ಯೋಂಗ್ ದನಿ ತಗ್ಗಿಸಿದಳು. "ಅದು... ನಿಮ್ಮಕ್ಕ, ಪಾಠಕ್ಕೆ ಮೂರರ ಹಾಗೆ ಆ ಒಂಬತ್ತು ಕ್ರೆಡಿಟ್ ಅಂಕ ಸೇರಿಸ್ಕೊಂಡು ಡಿಪ್ಲೊಮಾ ತಗೊಂಡಿದ್ದಾರೆ, ಮೇಡಂ."

ಸಾಂವಳ ಮನೆಗೆ ಲೂರ್ದೆಸ್ ಕಾಲಿಟ್ಟು ಮೂರು ವರ್ಷವಾಗಿತ್ತು. ಅಕ್ಕನನ್ನು ಅವರ ಮಾತಿನಲ್ಲಿ ‘ಮಾನ’ ಎನ್ನುತ್ತಾರೆ. ಮಾನ ತನ್ನ ಮಾನ ತೆಗೆದಳೆಂಬುದೇ ಲೂರ್ದೆಸಳ ಸಿಟ್ಟಿಗೆ ಕಾರಣ. ಅಮ್ಮ ತೀರಿಕೊಂಡ ಮೇಲೆ ಅವಳ ಮನೆಯನ್ನು ಮಾರಲು ಸಾಂವ್ ಕರೆದದ್ದು ತಂಗಿಯನ್ನಲ್ಲ, ಹಳದಿ ಬೋರ್ಡಿನವರನ್ನು. ಮನೆ ಮಾರುವವಳ ತಾಯಿಮನೆಯ ಮುಂದೆಯೇ ಬೇರೆಯವರ ಬೋರ್ಡು! ಇಡೀ ಇಗರ್ಜಿಯೇ ಅದನ್ನು ನೋಡಿಕೊಂಡು ಪೂಜೆಗೆ ಹೋಗಿತ್ತು.

ಬಾಗಿಲು ತೆರೆದ ಸಾಂವಳ ಎರಡೂ ಕೈ ಮೊಣಕೈವರೆಗೆ ಹಿಟ್ಟು. ಸಿಹಿಬ್ರೆಡ್ಡಿಗೆ ನಾದುತ್ತಿದ್ದಳು.

"ಓಹೋ! ಯಾರು ಸತ್ರು?"

"ಎಲ್ಲರೂ ಇದನ್ನೇ ಯಾಕೆ ಕೇಳ್ತೀರಿ? ನನ್ನ ಮೂರು ಪಾಠ ಕೊಡು ಮಾನ."

ಸಾಂವ್ ಏನೆಂದು ಕೇಳಲಿಲ್ಲ. ಯಾವ ಪಾಠ ಎಂದೂ ಕೇಳಲಿಲ್ಲ. ಬಟ್ಟಲಿನ ಕಡೆ ತಿರುಗಿ ಹಿಟ್ಟಿಗೆ ಒಂದು ಗುದ್ದು ಕೊಟ್ಟಳು. ಅಷ್ಟರಲ್ಲೇ ಲೂರ್ದೆಸಳಿಗೆ ಗೊತ್ತಾಯಿತು.

"ನಿಂಗೆ ಮೊದ್ಲೇ ಗೊತ್ತಿತ್ತು!"

"ಗೊತ್ತಿತ್ತು ಅಂದ್ರೆ... ಒಂಬತ್ತು ಅಂಕ ಕಮ್ಮಿ ಇದೆ ಅಂದಿದ್ರು. ಆರು ತಿಂಗಳು ಬಿಟ್ಟು ಹೋದ್ರೆ ಎಲ್ಲಾ ಸರಿ ಇದೆ, ಅಭಿನಂದನೆಗಳು ಅಂದ್ರು. ನಾನೇನು ಬೇಡ ಅನ್ಲಾ?"

"ಪಟ್ಟಿ ನೋಡ್ಲಿಲ್ವಾ? ಎಸ್ಕ್ರೊ ಅಂತ ಬರ್ದಿತ್ತಲ್ಲ! ನೀನ್ಯಾವತ್ತು ಎಸ್ಕ್ರೊ ಓದಿದ್ದೆ?"

"ನಂಗೇನ್ ಗೊತ್ತು, ಅದು ವ್ಯಾಯಾಮದ ತರಗತಿ ಇರಬೇಕು ಅಂದ್ಕೊಂಡೆ."

"ಇಪ್ಪತ್ತೆರಡು ವರ್ಷ ಅಂದ್ಕೊಂಡೇ ಇದ್ಯಾ?"

"ನೋಡು ಲೂರ್ದೆಸ್," ಸಾಂವ್ ಕೈ ಒರೆಸಿಕೊಳ್ಳದೆಯೇ ತಿರುಗಿದಳು. "ಆ ಕಾಗದ ತೋರಿಸಿ ಶಾಲೆ ಆಫೀಸಲ್ಲಿ ಬಡ್ತಿ ತಗೊಂಡೆ. ಈಗ ಪೆನ್ಶನ್ ಬರ್ತಿದೆ. ಡಿಪ್ಲೊಮಾ ಸುಳ್ಳು ಅಂತ ನೀನು ಹೋಗಿ ಹೇಳಿದ್ರೆ ನಾಳೆ ಅವರು ಪೆನ್ಶನ್ನೂ ಸುಳ್ಳು ಅಂತಾರೆ. ನಿಂಗೇನು, ಆ ಕಂಪ್ಯೂಟರಲ್ಲಿ ಇನ್ನೊಂದ್ಸಲ ಓದ್ಕೋ. ಹೇಗೂ ಗೊತ್ತಿರೋ ವಿಷ್ಯ."

"ಗೊತ್ತಿರೋ ವಿಷ್ಯನ ಹದಿನೆಂಟು ದಿನ ಕೇಳೋ ಕಷ್ಟ ನಿಂಗೆ ಗೊತ್ತಾ? ಡಿಸೆಂಬರ್ ಒಳಗೆ ನಂಗೆ ಬ್ರೋಕರ್ ಲೈಸೆನ್ಸ್ ಬೇಕು. ಇಲ್ದಿದ್ರೆ ನಿನ್ನ ಹಳದಿ ಬೋರ್ಡಿನವರು ಬಂದು ನನ್ನ ಕುರ್ಚಿ ಮೇಲೆ ಕೂರ್ತಾರೆ."

"ಕೂರ್ಲಿ ಬಿಡು. ಒಳ್ಳೆ ಜನ. ಅಮ್ಮನ ಮನೆ ಹನ್ನೊಂದು ದಿನಕ್ಕೆ ಮಾರಿದ್ರು."

ಈ ಮಾತು ಆಡಬಾರದಿತ್ತು. ಸಾಂವಳಿಗೂ ಅದು ಆಡಿದ ಮೇಲೆ ತಿಳಿಯಿತು. ಲೂರ್ದೆಸ್ ಹೊರಬಿದ್ದು ಕಾರು ಹತ್ತಿದಳು. ಬೆಂಕಿಯಂಥ ಸ್ಟಿಯರಿಂಗನ್ನು ಬರಿಗೈಯಲ್ಲೇ ಹಿಡಿದು, ನೇರ ಕಾಲೇಜಿಗೆ ಹೋಗಿ, ಮಿಸ್ ಶ್ಯೋಂಗ್ ಕೊಟ್ಟ ಫಾರಂ ತುಂಬಿದಳು. ಇಷ್ಟು ವರ್ಷ ನಿವೇಶನಗಳ ಪತ್ರ ಬರೆದ ಕೈ ಈಗ ನಿವೇದನೆ ಬರೆಯಿತು: ನನ್ನ ಮೂರು ಪಾಠಗಳನ್ನು ನನಗೆ ಮರಳಿಸತಕ್ಕದ್ದು.

"ಯಾವಾಗ ಆಗುತ್ತೆ?"

"ಹಳೇ ದಾಖಲೆ ತಿದ್ದೋಕೆ ಸಮಿತಿ ಇದೆ ಮೇಡಂ. ವರ್ಷಕ್ಕೆ ಎರಡು ಸಲ ಸೇರ್ತಾರೆ. ಮೇ ತಿಂಗಳದು ಆಗೋಯ್ತು. ಮುಂದಿನದು ನವೆಂಬರ್ ಹದಿನಾಲ್ಕು."

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ; ಸಿಟ್ಟಿನಲ್ಲಿ ಕೊಟ್ಟ ಅರ್ಜಿ ನವೆಂಬರಿಗೆ ಬರುತ್ತದೆ. ಸಮಿತಿ ತಿದ್ದಿ, ಇಲಾಖೆ ಅರ್ಜಿ ನೋಡಿ, ಪರೀಕ್ಷೆಯ ದಿನ ಕೊಡುವಷ್ಟರಲ್ಲಿ ಡಿಸೆಂಬರ್ ಹದಿನೈದು ಎಂದೋ ದಾಟಿರುತ್ತದೆ. ಲೂರ್ದೆಸ್ ಕ್ಯಾಲೆಂಡರ್ ಮುಂದೆ ನಿಂತು ಎರಡು ಸಲ ಲೆಕ್ಕ ಹಾಕಿದಳು. ಮೂರು ಪಾಠ, ಪಾಠಕ್ಕೆ ಹದಿನೆಂಟರಂತೆ ಐವತ್ತನಾಲ್ಕು ದಿನ. ಇವತ್ತೇ ಶುರು ಮಾಡಿದರೆ ಸೆಪ್ಟೆಂಬರ್ ಮೊದಲ ವಾರ. ಅಕ್ಕ ಹೇಳಿದಂತೆಯೇ ಆಗಬೇಕಾಗಿ ಬಂದದ್ದು ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

ಬೆಲೆ ಕಟ್ಟುವ ಪಾಠ ಹೇಳುತ್ತಿದ್ದವನು ಮೀಸೆ ಈಗಷ್ಟೇ ಮೊಳೆತ ಹುಡುಗ. "ಮನೆಯ ಬೆಲೆಯನ್ನು ನಿರ್ಧರಿಸುವಾಗ ಸುತ್ತಮುತ್ತ ಮಾರಾಟವಾದ ಮನೆಗಳನ್ನು ಗಮನಿಸಬೇಕು," ಎಂದ. ಸುತ್ತಮುತ್ತಲ ಮನೆಗಳನ್ನು ಮಾರಿದವಳೇ ಕೂತು ಅದನ್ನು ಕೇಳಿದಳು. "ಹಸುವಿನ ಕೊಟ್ಟಿಗೆ ಪಕ್ಕ ಇದ್ರೆ ಬೆಲೆ ಎಷ್ಟು ಇಳಿಯುತ್ತೆ ಹೇಳೋ ನೋಡೋಣ!" ಎಂದು ಪರದೆಗೆ ಸವಾಲು ಹಾಕಿದಳು. ಪರದೆ, ‘ನೀವು ಇನ್ನೂ ಇದ್ದೀರಾ?’ ಎಂದಿತು. ಒಂದು ಸಂಜೆ ಬಾಗಿಲಿಗೆ ಬಂದ ಗಿರಾಕಿಯ ಜೊತೆ ಮಾತಾಡುತ್ತ ಗುಂಡಿ ಒತ್ತಲು ಮರೆತಳು. ಪಾಠ ಮೂರು ಗಂಟೆ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಶುರುವಾಯಿತು. ಆ ದಿನ ಅವಳು ಪೋರ್ಚುಗೀಸಿನಲ್ಲಿ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅವಳ ಗಂಡ ಎದ್ದುಹೋಗಿ ಕಿಟಕಿ ಮುಚ್ಚಿದ ಎಂದಷ್ಟೇ ಹೇಳಬಹುದು.

ಸೆಪ್ಟೆಂಬರ್ ಐದಕ್ಕೆ ಕೊನೆಯ ಪ್ರಮಾಣಪತ್ರ ಬಂತು. ಎಂಟೂ ಆದವು. ಅದೇ ದಿನ ಇಲಾಖೆಗೆ ಕಳಿಸಿದಳು. ಹಗುರವಾದ ಮನಸ್ಸಿಗೆ ಆಗ ಒಂದು ಮಾತು ಹೊಳೆಯಿತು. ಪಾಠಗಳು ಸಿಕ್ಕವಲ್ಲ, ಇನ್ನು ಅಕ್ಕನ ಗೋಡೆಯಿಂದ ಡಿಪ್ಲೊಮಾ ಇಳಿಸಿ ತನಗೇನಾಗಬೇಕು? ಸಿಟ್ಟು ಇಳಿದಿರಲಿಲ್ಲ, ನಿಜ. ಆದರೆ ಉಪಯೋಗವಿಲ್ಲದ ಸಿಟ್ಟಿಗೆ ಅವಳಲ್ಲಿ ಪುರುಸೊತ್ತಿರಲಿಲ್ಲ. ಅರ್ಜಿ ವಾಪಸು ತೆಗೆದುಕೊಳ್ಳೋಣವೆಂದು ಕಾಲೇಜಿಗೆ ಹೋದಳು.

ಮಿಸ್ ಶ್ಯೋಂಗಳ ಮುಖ ಮೊದಲಿಗಿಂತಲೂ ವಿನಯವಾಯಿತು. "ಒಂದ್ಸಲ ಕೊಟ್ಟ ಅರ್ಜಿ ಸಮಿತಿದು ಮೇಡಂ. ವಾಪಸ್ ಬೇಕು ಅಂದ್ರೂ ಸಮಿತಿನೇ ಒಪ್ಪಬೇಕು."

"ಅಂದ್ರೆ?"

"ನವೆಂಬರ್ ಹದಿನಾಲ್ಕು. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ಬಂದು, ಇಬ್ಬರಿಗೂ ಬೇಡ ಅಂತ ಹೇಳಬೇಕು. ಯಾರೂ ಬರದಿದ್ರೆ ಅರ್ಜಿಯಲ್ಲಿ ಬರೆದ ಹಾಗೆ ತಿದ್ದಿಬಿಡ್ತಾರೆ."

"ನಾನು ಬೇಕು ಅಂದಾಗ ಆಗ್ಲಿಲ್ಲ, ಬೇಡ ಅಂದಾಗ ತಾನೇ ಆಗುತ್ತಾ? ಈ ಸಮಿತಿಗೆ ಒಂದು ಮಿತಿ ಬೇಡ್ವಾ!"

ಎರಡು ವಾರ ಕಳೆದ ಮೇಲೆ ಇಲಾಖೆಯ ಪತ್ರ ಬಂತು. ಅರ್ಜಿ ಒಪ್ಪಿದೆ, ಪರೀಕ್ಷೆ ಫ್ರೆಸ್ನೋದಲ್ಲಿ, ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಎಂಟಕ್ಕೆ. ಬೇರೆ ದಿನ ಕೇಳಿದರೆ ಡಿಸೆಂಬರ್ ಹತ್ತೊಂಬತ್ತು ಎಂದರು. ಲೂರ್ದೆಸ್ ಒಂದು ದಿನ ಪೂರ್ತಿ ಫೋನಿನ ಸುತ್ತ ಸುತ್ತಿದಳು. ಕೊನೆಗೆ ಅಕ್ಕನಿಗೆ ಮಾಡಿದಳು.

"ಮಾನ, ನಿನ್ನ ಡಿಪ್ಲೊಮಾ ನೀನೇ ಕಾಯ್ಕೋಬೇಕು. ನಂಗೆ ಆವತ್ತು ಪರೀಕ್ಷೆ. ಹೋಗಿ, ಇಬ್ಬರಿಗೂ ಬೇಡ ಅಂತ ಹೇಳಿ ಬಾ. ನಾನು ಸಹಿ ಮಾಡಿ ಕಾಗದ ಕಳಿಸ್ತೀನಿ."

ಸಾಂವ್ ಕೇಳಿದಳು, "ಮೂರೂ ಮತ್ತೆ ಓದಿದ್ಯಾ?"

"ಓದಿದೆ."

"ಎಸ್ಕ್ರೊ ಕೂಡ?"

"ಅದು ವ್ಯಾಯಾಮ ಅಲ್ಲ ಕಣೆ, ಗೊತ್ತಿರ್ಲಿ. ಸಮಿತಿಯವರು ಕೇಳಿದ್ರೆ ಬಗ್ಗಿ ಕಾಲು ಮುಟ್ಟಿ ತೋರಿಸ್ಬೇಡ."

ಸಾಂವ್ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಆಗಲಿ ಎಂದಷ್ಟೇ ಹೇಳಿ ಫೋನಿಟ್ಟಳು.

ನವೆಂಬರ್ ಹದಿನಾಲ್ಕಕ್ಕೆ ಬಯಲಿನ ತುಂಬ ಮಂಜು. ಮುಂದಿನ ಲಾರಿಯ ಹಿಂದೀಪವೇ ದಾರಿ. ಡೆಲ್ಮರ್ ತಾವೇ ಕಾರು ತಂದರು. "ನಾನು ಓಡಿಸ್ತೀನಿ, ನೀನು ಓದ್ಕೋ," ಎಂದರು. ಅವರು ಓಡಿಸಿದ ರೀತಿಗೆ ಲೂರ್ದೆಸ್ ಪುಸ್ತಕ ಮುಚ್ಚಿ ಜಪಮಾಲೆ ತೆಗೆದಳು.

ಬೆಳಿಗ್ಗೆ ನೂರು ಪ್ರಶ್ನೆ, ಮಧ್ಯಾಹ್ನ ನೂರು. ಬೆಳಗಿನ ನೂರರಲ್ಲಿ ಹತ್ತಾರು ಪ್ರಶ್ನೆಗಳಿಗೆ ಅವಳಿಗೆ ಎರಡೆರಡು ಉತ್ತರ ಗೊತ್ತಿತ್ತು: ಪುಸ್ತಕದ್ದು ಒಂದು, ನಡೆಯುವುದು ಒಂದು. ಪ್ರತಿ ಸಲವೂ ಹಲ್ಲು ಕಚ್ಚಿ ಪುಸ್ತಕದ್ದನ್ನೇ ಒತ್ತಿದಳು. ನಾಲ್ಕು ಗಂಟೆಗೆ ಹೊರಬರುವಾಗ ಬಾಗಿಲಲ್ಲಿ ಒಬ್ಬ ಹಾಳೆಯೊಂದನ್ನು ಕೈಗಿತ್ತ. ಕಾರಿನ ಬಳಿ ಬಂದೇ ತೆರೆದು ನೋಡಿದಳು.

"ಪಾಸಾ?" ಎಂದರು ಡೆಲ್ಮರ್.

"ಪಾಸು. ಲೈಸೆನ್ಸು ಎರಡು ವಾರಕ್ಕಂತೆ."

ಡೆಲ್ಮರ್ ಸ್ಟಿಯರಿಂಗಿನ ಮೇಲೆ ಎರಡು ಸಲ ಮೆಲ್ಲನೆ ಬಡಿದರು. ಅಷ್ಟರಲ್ಲಿ ಫೋನು ಬಂತು. ಸಾಂವ್.

"ಮುಗೀತಾ ಮಾನ? ವಾಪಸ್ ತಗೊಂಡ್ರಾ?"

"ಮುಗೀತು. ತಿದ್ದಿದ್ರು."

"ತಿದ್ದಿದ್ರಾ? ಯಾಕೆ? ಬೇಡ ಅನ್ಲಿಲ್ವಾ ನೀನು?"

"ಹೇಳೋಕೇ ಹೋದೆ. ಮೂರು ಜನ ಕೂತಿದ್ರು, ಮುಂದೆ ಒಂದು ತಟ್ಟೆ ಬಿಸ್ಕತ್ತು. ಕಾಗದ ಕೊಟ್ಟೆ. ಎಲ್ಲಾ ಸರಿ ಅಂದ್ರು. ಆಮೇಲೆ ಒಬ್ಬ ಮುದುಕ, ಬರ್ಕೊಳ್ಳೋಕೆ ಮಾತ್ರ ಕೇಳ್ತೀನಿ, ಈ ಮೂರು ಪಾಠ ನೀವೇ ಓದಿದ್ದಾ ಅಂದ."

"ಹೂಂ ಅಂದು ಎದ್ದು ಬರ್ಬೇಕು ತಾನೇ!"

"ಅನ್ನೋಣ ಅಂತಾನೇ ಬಾಯಿ ತೆಗೆದೆ. ಇಲ್ಲ ಅಂತ ಬಂತು." ಸಾಂವ್ ಉಸಿರೆಳೆದುಕೊಂಡಳು. "ಪಟ್ಟಿ ಮುಂದೇನೇ ಇತ್ತು, ಲೂರ್ದೆಸ್. ನಿಂಗೆ ಬೆಲೆ ಕಟ್ಟೋ ಪಾಠದಲ್ಲಿ ಸಿ ಗ್ರೇಡು ಬಂದಿತ್ತು. ಅದನ್ನ ನಂದು ಅಂತ ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಎ ಆಗಿದ್ರೆ ನೋಡ್ಬಹುದಿತ್ತು."

"ಬೆಳಗಿನ ಜಾವ ಮೂರಕ್ಕೆ ಎದ್ದು ಹಾಲು ಹಿಂಡಿ ತಗೊಂಡ ಸಿ ಅದು!"

"ಗೊತ್ತು. ನಾನು ಆಗ ಮಲಗಿರ್ತಿದ್ದೆ." ಸಾಂವ್ ಮುಂದುವರಿಸಿದಳು, "ಪೆನ್ಶನ್ನಿಗೆ ಏನೂ ಆಗಲ್ಲಂತೆ, ಅದು ಕಾಲೇಜಿನ ತಲೆನೋವಲ್ಲ ಅಂದ್ರು. ಡಿಪ್ಲೊಮಾ ಮಾತ್ರ ವಾಪಸ್. ವರ್ಷದೊಳಗೆ ಒಂಬತ್ತು ಅಂಕ ತಂದ್ರೆ ಹೊಸದು ಕೊಡ್ತಾರಂತೆ."

ಲೂರ್ದೆಸ್ ಕಾರಿಗೆ ಒರಗಿ ನಿಂತಳು. ಎಂಟು ಸಾಕಾಗಿದ್ದ ಕಡೆ ಈಗ ಅವಳ ಬಳಿ ಹನ್ನೊಂದು ಪಾಠ. ಬೇಕಾದಾಗ ಬಾರದ ಮೂರು, ಪರೀಕ್ಷೆ ಮುಗಿದ ದಿನವೇ ಮನೆ ಹುಡುಕಿಕೊಂಡು ಬಂದಿದ್ದವು. ಐವತ್ತನಾಲ್ಕು ದಿನ, ಆ ಮೀಸೆಯ ಹುಡುಗ, ಮೂರು ಗಂಟೆ ಹಿಂದಕ್ಕೋಡಿದ ಆ ಸಂಜೆ, ಎಲ್ಲವೂ ಒಟ್ಟಿಗೆ ನೆನಪಾದವು. ಯಾರನ್ನು ಬೈಯುವುದೆಂದು ಹುಡುಕಿದಳು. ಗುಮಾಸ್ತ ಸತ್ತಿರಬೇಕು. ಅಪ್ಪ ಸತ್ತಿದ್ದ. ಮಿಸ್ ಶ್ಯೋಂಗ್ ತೀರಾ ಒಳ್ಳೆಯವಳು.

"ನನ್ನ ಹತ್ರ ಮೂರು ಜಾಸ್ತಿ ಇದೆ ಮಾನ. ಅದನ್ನ ನಿಂಗೆ ಕೊಡೋಕೆ ಆಗಲ್ವಾ ಅಂತ ಕೇಳಿದ್ಯಾ?"

"ಕೇಳಿದೆ. ನಕ್ಕುಬಿಟ್ರು. ಬಿಸ್ಕತ್ತು ಕೊಟ್ರು." ಸಾಂವ್ ಕೇಳಿದಳು, "ಯಾವ ಪಾಠ ಆದ್ರೂ ಆಗುತ್ತಂತೆ. ಏನ್ ತಗೊಳ್ಲಿ ಹೇಳು. ಅರವತ್ತೊಂದಾಯ್ತು ನಂಗೆ."

"ಕಂಪ್ಯೂಟರಲ್ಲಿ ಮಾತ್ರ ಬೇಡ," ಎಂದಳು ಲೂರ್ದೆಸ್. "ಕಾಲೇಜಿಗೇ ಹೋಗಿ ಮಡಕೆ ಮಾಡೋದು ತಗೋ. ಸಿಟ್ಟು ಬಂದ್ರೆ ಎತ್ತಿ ಹಾಕ್ಬಹುದು."